ದಿನಬಾಡಿಗೆ ಮನೆಗೆ ಹೊಣೆ ಯಾರು?

2019ರ ಜೂನ್ ಕೊನೆಯಲ್ಲಿ ಕೊಯಮತ್ತೂರಿನ ಒಂದು ಸರ್ವಿಸ್ ಅಪಾರ್ಟ್‌ಮೆಂಟಿಗೆ ಪೊಲೀಸರೂ ಕಂದಾಯ ಇಲಾಖೆಯವರೂ ತಪಾಸಣೆಗೆ ಹೋದರು. ಒಂದು ಕೋಣೆಯಲ್ಲಿ ಮದುವೆಯಾಗದ ಗಂಡು ಹೆಣ್ಣು ತಂಗಿದ್ದರು. ಇನ್ನೊಂದರಲ್ಲಿ ಮದ್ಯದ ಬಾಟಲಿಗಳು ಸಿಕ್ಕವು. ಕಟ್ಟಡಕ್ಕೆ ಬೀಗಮುದ್ರೆ ಬಿತ್ತು. ನಡೆಸುತ್ತಿದ್ದ ಕಂಪನಿ ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿತು. ಆ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಎಂ.ಎಸ್. ರಮೇಶ್ ಬೀಗ ತೆಗೆಯಲು ಹೇಳಿದರು. ಮದುವೆಯಾಗದ ಇಬ್ಬರು ಹೋಟೆಲ್ ಕೋಣೆಯಲ್ಲಿ ತಂಗಬಾರದೆನ್ನುವ ಕಾನೂನು ಯಾವುದೂ ಇಲ್ಲ, ಅತಿಥಿಗಳು ಕೋಣೆಯೊಳಗೆ ಕುಡಿದರೆಂಬುದು ಇಡೀ ಕಟ್ಟಡ ಮುಚ್ಚಿಸಲು ಕಾರಣವಾಗದು, ಮಾಲೀಕರ ಮಾತು ಕೇಳದೆ ಹೀಗೆ ಬೀಗ ಜಡಿದದ್ದು ಸ್ವಾಭಾವಿಕ ನ್ಯಾಯಕ್ಕೆ ವಿರುದ್ಧ ಎಂಬುದು ತೀರ್ಪಿನ ಸಾರ.

ತೀರ್ಪು ಸರಿಯಾಗಿದೆ. ಅದು ಬರಬೇಕಾಗಿತ್ತು, ಬಂತು. ಆದರೆ ಆ ಪ್ರಕರಣದ ಸುತ್ತ ಎದ್ದ ಮಾತುಗಳನ್ನು ಈಗ ನೆನೆದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಪರ ವಾದಿಸಿದವರೂ ವಿರುದ್ಧ ವಾದಿಸಿದವರೂ ಒಂದೇ ವಿಷಯ ಎಳೆದಾಡಿದರು: ಒಳಗಿದ್ದವರು ಯಾರು, ಅವರಿಗೆ ಮದುವೆಯಾಗಿತ್ತೋ ಇಲ್ಲವೋ. ಇಂಥ ಕಟ್ಟಡದಲ್ಲಿ ಬೆಂಕಿ ಬಿದ್ದರೆ ಜನ ಯಾವ ದಾರಿಯಿಂದ ಹೊರಬರಬೇಕು, ರಾತ್ರಿ ಎರಡು ಗಂಟೆಗೆ ಗಲಾಟೆಯೆದ್ದರೆ ಪಕ್ಕದ ಮನೆಯ ವಯಸ್ಸಾದವರು ಯಾರ ಬಾಗಿಲು ತಟ್ಟಬೇಕು, ಅಂಥ ಮನೆಗಳು ಬೀದಿಯಲ್ಲಿ ನಾಲ್ಕಾದರೆ ಬೀದಿ ಏನಾಗುತ್ತದೆ ಎಂಬುದು ಯಾರ ಬಾಯಲ್ಲೂ ಬರಲಿಲ್ಲ. ವಸತಿ ಬಡಾವಣೆಗಳಲ್ಲಿ ದಿನದ ಲೆಕ್ಕಕ್ಕೆ ಮನೆ ಬಾಡಿಗೆಗೆ ಕೊಡುವ ಪದ್ಧತಿ ಇಂದು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಎಲ್ಲೆಡೆ ಕಾಣುತ್ತದೆ. ಅದನ್ನು ಅಳೆಯುವ ಕೋಲು ಮಾತ್ರ ಅಂದಿನದೇ. ಬಂದವರ ನಡತೆಯನ್ನು ತನಿಖೆ ಮಾಡುತ್ತೇವೆ. ಮನೆಗೆ ಹೊಣೆಗಾರರು ಯಾರು ಎಂದು ಕೇಳುವುದಿಲ್ಲ. ಈ ಪದ್ಧತಿಯ ಒಳಿತೂ ಕೆಡುಕೂ ಎರಡನೆಯ ಪ್ರಶ್ನೆಯಲ್ಲೇ ಇವೆ ಎಂಬುದು ನನ್ನ ದೃಢ ಅಭಿಪ್ರಾಯ.

ಕೊಯಮತ್ತೂರಿನಲ್ಲಿ ಒಂದೆರಡು ರಾತ್ರಿಗೆ ಮನೆ ಹುಡುಕುವವರೆಲ್ಲ ರಜೆ ಕಳೆಯಲು ಬಂದವರಲ್ಲ. ಊಟಿಗೆ ಹೋಗುವ ದಾರಿಯಲ್ಲಿ ಒಂದು ರಾತ್ರಿ ನಿಲ್ಲುವವರಿದ್ದಾರೆ. ವೆಳ್ಳಿಯಂಗಿರಿ ಬೆಟ್ಟದ ಅಡಿಯ ಈಶ ಯೋಗ ಕೇಂದ್ರಕ್ಕೆ ಬರುವವರಿದ್ದಾರೆ. ಆದರೆ ಈ ಊರಿಗೆ ಸುತ್ತಲ ಸೀಮೆಯ ಜನರನ್ನು ದೊಡ್ಡ ಸಂಖ್ಯೆಯಲ್ಲಿ ಎಳೆದು ತರುವುದು ಆಸ್ಪತ್ರೆಗಳು: ಅವಿನಾಶಿ ರಸ್ತೆಯ ಉದ್ದಕ್ಕೂ ನಿಂತಿರುವ ದೊಡ್ಡ ಆಸ್ಪತ್ರೆಗಳು, ಮೂಳೆ ಚಿಕಿತ್ಸೆಗೆ ಹೆಸರಾದ ಗಂಗಾ, ಕಣ್ಣಿಗೆ ಅರವಿಂದ ಮತ್ತು ಶಂಕರ. ಪಾಲಕ್ಕಾಡಿನಿಂದ, ನೀಲಗಿರಿಯಿಂದ, ನಮ್ಮ ಚಾಮರಾಜನಗರ, ಕೊಳ್ಳೇಗಾಲದ ಕಡೆಯಿಂದ ರೋಗಿಗಳು ಬರುತ್ತಾರೆ. ಕೊಳ್ಳೇಗಾಲದವರಿಗೆ ಇದು ಪರವೂರೂ ಅಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯದೇ ತಾಲ್ಲೂಕಾಗಿತ್ತು. ಗಡಿ ಬದಲಾದರೂ ಹೋಗಿಬರುವ ದಾರಿ ಬದಲಾಗಲಿಲ್ಲ.

ಆ ದಾರಿಗೆ ಈಚೆಗೆ ಒಂದು ತಡೆ ಬಂದಿದೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯ 27 ತಿರುವುಗಳು ಹುಲಿ ರಕ್ಷಿತಾರಣ್ಯದ ಒಳಗಿವೆ. ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು. ಹೈಕೋರ್ಟಿನ ಸೂಚನೆಯಂತೆ 2022ರ ಫೆಬ್ರುವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿಷೇಧವಿದೆ. ಲಾರಿಗಳಿಗೆ ಸಂಜೆ 6ರಿಂದ, ಕಾರುಗಳಿಗೆ ರಾತ್ರಿ 9ರಿಂದ, ಬೆಳಗಿನ 6ರವರೆಗೆ. ಆಂಬುಲೆನ್ಸಿಗೆ ಅಡ್ಡಿಯಿಲ್ಲ. ಕಾಡಿಗೆ ಇದು ಒಳ್ಳೆಯದೇ. ಆದರೆ ಸಂಜೆ ಡಾಕ್ಟರನ್ನು ಕಂಡು, ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬರುವ ಹೊತ್ತಿಗೆ ಏಳು ಗಂಟೆಯಾದರೆ, ಕಾರಿನಲ್ಲಿ ಬಂದ ಚಾಮರಾಜನಗರದ ಕುಟುಂಬ ಆ ರಾತ್ರಿ ಊರು ಸೇರುವುದು ಕಷ್ಟ. ಎಲ್ಲಾದರೂ ತಂಗಲೇಬೇಕು. ಲಾಡ್ಜಿನಲ್ಲಿ ಅಡುಗೆ ಮಾಡಿಕೊಳ್ಳುವಂತಿಲ್ಲ, ರೋಗಿಗೆ ಗಂಜಿ ಬೇಕು. ಕಿಮೊಥೆರಪಿಗೆ ಮೂರು ವಾರಕ್ಕೊಮ್ಮೆ ಬರುವವರಿಗೆ, ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನ ಫಿಸಿಯೊಥೆರಪಿಗೆ ನಿಲ್ಲುವವರಿಗೆ ಒಂದು ಅಡುಗೆಮನೆ, ನೆಲಮಹಡಿಯ ಕೋಣೆ, ಹಿಡಿದುಕೊಳ್ಳಲು ಕಂಬಿಯಿರುವ ಬಚ್ಚಲು ಬೇಕು. ಆಸ್ಪತ್ರೆಯ ಹಿಂದಿನ ಬೀದಿಯ ಮನೆಗಳು ಕೊಡುವುದು ಇದನ್ನೇ.

ನನ್ನ ಬಂಧುವೊಬ್ಬರಿಗೆ ಬೆನ್ನುಹುರಿಯ ಶಸ್ತ್ರಚಿಕಿತ್ಸೆಯಾದಾಗ ಅಂಥ ಒಂದು ಮನೆಯಲ್ಲಿ ಇದ್ದೆವು. ಮಾಲೀಕರು ಮೇಲಿನ ಮಹಡಿಯಲ್ಲಿ, ನಾವು ಕೆಳಗೆ. ದೇವಾಂಗರ ಮನೆ; ಅವರ ಮನೆಮಾತು ಕನ್ನಡ, ತಮಿಳಿನ ರಾಗದಲ್ಲಿ ಆಡುವ ಕನ್ನಡ. ಕೊಯಮತ್ತೂರು ಸೀಮೆಯಲ್ಲಿ ನೇಯ್ಗೆ ಹಿಡಿದು ಬಂದ ಇಂಥ ಕುಟುಂಬಗಳು ಬೇಕಾದಷ್ಟಿವೆ. ಆ ತಾಯಿ ಮೊದಲ ದಿನವೇ ಹೇಳಿಬಿಟ್ಟರು: "ಗ್ಯಾಸು ಇದೆ, ಪಾತ್ರೆ ಇದೆ, ಏನು ಬೇಕೋ ಮಾಡ್ಕೊಳಿ. ಹಸಿ ಕಸ ಹಸಿರು ಬಕೆಟ್‌ಗೆ. ಸಿರುವಾಣಿ ನೀರು ದಿನಾ ಬರೋದಿಲ್ಲ, ನೋಡಿ ಖರ್ಚು ಮಾಡಿ. ಹತ್ತು ಗಂಟೆಗೆ ಗೇಟಿಗೆ ಬೀಗ. ಆಸ್ಪತ್ರೆಯಿಂದ ಫೋನ್ ಬಂದ್ರೆ ಎಷ್ಟೊತ್ತಾದ್ರೂ ಎಬ್ಬಿಸಿ ಅಕ್ಕಾ, ನಾಚ್ಕೋಬೇಡಿ." ಎದುರು ಮನೆಯವರು ಕಾರು ನಿಲ್ಲಿಸುವ ಜಾಗ ತೋರಿಸಿದರು. ಬೆಳಿಗ್ಗೆ ರಂಗೋಲಿ ಇಡುವ ಹೊತ್ತಿಗೆ ಪಕ್ಕದ ಮನೆಯಾಕೆ ರೋಗಿ ಹೇಗಿದ್ದಾರೆಂದು ಕೇಳುತ್ತಿದ್ದರು. ಬಾಡಿಗೆ ದಿನದ ಲೆಕ್ಕದ್ದೇ. ನಾವು ಹೊರಗಿನವರೇ. ಆದರೆ ನಮ್ಮಿಂದ ಬೀದಿಗೆ ತೊಂದರೆಯಾದರೆ ಮರುದಿನ ಅದೇ ಬೀದಿಯಲ್ಲಿ ಮುಖ ತೋರಿಸಬೇಕಾದ ಒಬ್ಬರು ಮೇಲಿನ ಮಹಡಿಯಲ್ಲೇ ಇದ್ದರು. ಬೇಕಾದ ಕಟ್ಟುಪಾಡನ್ನೆಲ್ಲ ಅವರು ಅಲ್ಲಿ ಇದ್ದಾರೆಂಬ ಒಂದು ಸಂಗತಿಯೇ ನೋಡಿಕೊಳ್ಳುತ್ತಿತ್ತು.

ಅದೇ ಊರಿನ ಇನ್ನೊಂದು ಬಡಾವಣೆಯಲ್ಲಿ ಬೇರೆಯದೇ ಬಗೆಯ ಮನೆ ನೋಡಿದ್ದೇನೆ. ಗೇಟಿನ ಕಂಬಿಗೆ ನಂಬರ್ ಬೀಗದ ಸಣ್ಣ ಪೆಟ್ಟಿಗೆ, ಅದರೊಳಗೆ ಕೀಲಿಕೈ. ಮಾಲೀಕರು ವಿದೇಶದಲ್ಲಿ. ಅವರಿಂದ ಮನೆಯನ್ನು ತಿಂಗಳ ಬಾಡಿಗೆಗೆ ಹಿಡಿದ ಒಬ್ಬ ಯುವಕ ಅದನ್ನು ಆ್ಯಪ್‌ನಲ್ಲಿ ದಿನದ ಲೆಕ್ಕಕ್ಕೆ ಬಿಡುತ್ತಾನೆ. ಅವನ ಕೈಯಲ್ಲಿ ಊರಿನ ಬೇರೆ ಬೇರೆ ಕಡೆ ಇಂಥವೇ ಇನ್ನಷ್ಟು ಮನೆಗಳಿವೆ. ಶನಿವಾರ ಮಧ್ಯಾಹ್ನ ಎರಡು ಕಾರು ಬರುತ್ತವೆ, ರಾತ್ರಿ ಸ್ಪೀಕರ್ ಹಚ್ಚುತ್ತಾರೆ, ಭಾನುವಾರ ಹನ್ನೊಂದಕ್ಕೆ ಹೊರಡುತ್ತಾರೆ. ಕಸದ ಚೀಲಗಳು ಗೇಟಿನ ಹೊರಗೆ ಉಳಿಯುತ್ತವೆ, ಹಸಿ ಒಣ ಬೇರ್ಪಡಿಸದೆ, ಗಾಜಿನ ಚೂರಿನ ಸಮೇತ. ಸೋಮವಾರ ಬೆಳಿಗ್ಗೆ ಪಾಲಿಕೆಯ ಕಸದ ಗಾಡಿಯ ಹೆಂಗಸು ಅದನ್ನು ಬರಿಗೈಯಲ್ಲಿ ಬೇರ್ಪಡಿಸುವುದನ್ನು ನಿಂತು ನೋಡಿದೆ. ಬೀದಿಯವರು ಫೋನ್ ಮಾಡಿದರೆ ಆ ಯುವಕ ಮರ್ಯಾದೆಯಿಂದಲೇ ಮಾತಾಡುತ್ತಾನೆ, "ಗೆಸ್ಟಿಗೆ ಹೇಳ್ತೀನಿ ಸಾರ್" ಎನ್ನುತ್ತಾನೆ. ಆದರೆ ಆ ಗೆಸ್ಟ್ ಆಗಲೇ ಪಾಲಕ್ಕಾಡ್ ದಾಟಿರುತ್ತಾನೆ. ಮುಂದಿನ ವಾರ ಬರುವವನು ಬೇರೆಯವನು. ಹೇಳುವುದು ಯಾರಿಗೆ?

ಆ್ಯಪ್‌ನಲ್ಲಿ ನೋಡುವವರಿಗೆ ಈ ಎರಡು ಮನೆಗಳಲ್ಲಿ ವ್ಯತ್ಯಾಸವಿಲ್ಲ. ಎರಡೂ 'ಹೋಂಸ್ಟೇ'. ಎರಡಕ್ಕೂ ನಕ್ಷತ್ರಗಳಿವೆ, ಮೆಚ್ಚುಗೆಯ ಮಾತುಗಳಿವೆ. ಮೆಚ್ಚುಗೆ ಬರೆಯುವ ಹಕ್ಕು ತಂಗಿಹೋದವರದು. ಪಕ್ಕದ ಮನೆಯವರಿಗೆ ನಕ್ಷತ್ರ ಕೊಡುವ ಅವಕಾಶವಿಲ್ಲ. ಬೀದಿಯ ನಿದ್ದೆ ಕೆಡಿಸಿದ ರಾತ್ರಿಗೆ "ಪಾರ್ಟಿಗೆ ಹೇಳಿ ಮಾಡಿಸಿದ ಜಾಗ" ಎಂದು ಐದು ನಕ್ಷತ್ರ ಬಿದ್ದರೂ ಬಿದ್ದೀತು.

ಮಾಲೀಕರನ್ನು ಸುಮ್ಮನೆ ಬೈಯುವುದು ನ್ಯಾಯವಲ್ಲ. ಲೆಕ್ಕ ಅವರ ಕಣ್ಣೆದುರಿಗೇ ಇದೆ. ತಿಂಗಳಿಗೆ 20 ಸಾವಿರ ಬಾಡಿಗೆ ತರುವ ಮನೆಯನ್ನು ರಾತ್ರಿಗೆ 3 ಸಾವಿರದಂತೆ ಬಿಟ್ಟರು ಎಂದಿಟ್ಟುಕೊಳ್ಳಿ. ವಾರಾಂತ್ಯದ ಎಂಟು ರಾತ್ರಿ ತುಂಬಿದರೂ 24 ಸಾವಿರ. ದುಡ್ಡಿಗಿಂತ ದೊಡ್ಡದು ಭಯ. ಬಾಡಿಗೆದಾರ ಖಾಲಿ ಮಾಡದೆ ಕೂತರೆ ಎಂಬ ಅಂಜಿಕೆ ಎರಡು ತಲೆಮಾರಿನಿಂದ ಮನೆ ಮಾಲೀಕರ ಎದೆಯಲ್ಲಿದೆ. ತಮಿಳುನಾಡಿನ 2017ರ ಬಾಡಿಗೆ ಕಾಯ್ದೆ 2019ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಕರಾರು ಬರವಣಿಗೆಯಲ್ಲಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು ಎಂದು ಅದು ಹೇಳುತ್ತದೆ. ಎರಡೂ ಕಡೆಗೆ ರಕ್ಷಣೆ ಕೊಡುವ ಉದ್ದೇಶ ಅದರದು. ಆದರೆ ಎರಡು ರಾತ್ರಿಗೆ ಬರುವವನೊಡನೆ ಕರಾರೂ ಇಲ್ಲ, ನೋಂದಣಿಯೂ ಇಲ್ಲ, ಖಾಲಿ ಮಾಡಿಸುವ ತಲೆನೋವೂ ಇಲ್ಲ. ನಿಯಮಕ್ಕೆ ಒಳಪಟ್ಟ ಬಾಡಿಗೆಗಿಂತ ನಿಯಮವಿಲ್ಲದ ಬಾಡಿಗೆ ಸುಲಭವಾದಾಗ ಜನ ಯಾವ ಕಡೆ ಹೋಗುತ್ತಾರೆಂಬುದು ಗೊತ್ತಿರುವ ಸಂಗತಿಯೇ.

ವಿದ್ಯುತ್ತಿನ ವಿಷಯವೂ ಇದೆ. ತಮಿಳುನಾಡಿನಲ್ಲಿ ಗೃಹಬಳಕೆಯ ಸಂಪರ್ಕಕ್ಕೆ ಎರಡು ತಿಂಗಳಿಗೆ 100 ಯೂನಿಟ್ ಉಚಿತ, 2016ರಿಂದ ನಡೆದುಬಂದಿದೆ. ಮನೆಯವರ ಸಂಸಾರಕ್ಕೆಂದು ಸರ್ಕಾರ ಕೊಟ್ಟದ್ದು ಅದು. ಮನೆಯವರೇ ಇಲ್ಲದ, ನಾಲ್ಕು ಎ.ಸಿ. ಓಡುವ ವಿಲ್ಲಾ ಗೃಹಬಳಕೆಯ ಮೀಟರಿನಲ್ಲೇ ನಡೆದರೆ ಆ ಹೊರೆ ಉಳಿದವರ ಮೇಲೆ. ಗಾಂಧಿಪುರಂ ಬಸ್ ನಿಲ್ದಾಣದ ಬಳಿಯ ಸಣ್ಣ ಲಾಡ್ಜಿನವರು ಇದನ್ನು ಕೋಪದಿಂದ ಹೇಳಿದರೆ ಅದು ಬರಿಯ ಹೊಟ್ಟೆಕಿಚ್ಚಲ್ಲ. ಅವರು ವಾಣಿಜ್ಯ ದರದಲ್ಲಿ ಕರೆಂಟಿನ ಬಿಲ್ಲು ಕಟ್ಟುತ್ತಾರೆ, ಅಗ್ನಿಶಾಮಕ ದಳದ ಒಪ್ಪಿಗೆ ತರುತ್ತಾರೆ, ಪೊಲೀಸರು ಕೇಳಿದಾಗ ರಿಜಿಸ್ಟರ್ ತೋರಿಸುತ್ತಾರೆ.

ಹಾಗಾದರೆ ದುಡ್ಡಿಗಾಗಿ ಜನರನ್ನು ಇರಿಸಿಕೊಳ್ಳುವ ಮನೆಗಳೆಲ್ಲ ವ್ಯಾಪಾರವೇ? ನ್ಯಾಯಾಲಯಗಳು ಹಾಗೆ ಹೇಳಿಲ್ಲ. ಬೆಂಗಳೂರಿನ ಒಂದು ಹಾಸ್ಟೆಲ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2022ರಲ್ಲಿ, ಮಹಿಳಾ ಹಾಸ್ಟೆಲುಗಳ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2024ರ ಮಾರ್ಚಿನಲ್ಲಿ, ವಿದ್ಯಾರ್ಥಿಗಳೂ ದುಡಿಯುವ ಹೆಣ್ಣುಮಕ್ಕಳೂ ಇರುವ ಹಾಸ್ಟೆಲ್ ವಾಸದ ಮನೆಯೇ, ಅದಕ್ಕೆ ಜಿಎಸ್‌ಟಿ ಇಲ್ಲ ಎಂದವು. ಮಾಲೀಕ ದುಡ್ಡು ಮಾಡುತ್ತಾನೋ ಇಲ್ಲವೋ ಎಂದು ನೋಡದೆ, ಇರುವವರು ಅದನ್ನು ಏನಾಗಿ ಬಳಸುತ್ತಾರೆಂದು ನೋಡಬೇಕು ಎಂಬ ತರ್ಕ ನನಗೆ ಬಹಳ ಹಿಡಿಸಿತು. ಅಲ್ಲಿ ಉಣ್ಣುತ್ತಾರೆ, ಮಲಗುತ್ತಾರೆ, ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾರೆ, ಅದು ಬದುಕು. ಈ ತರ್ಕವನ್ನು ದಿನಬಾಡಿಗೆ ಮನೆಗೆ ಹಚ್ಚಿ ನೋಡಿದರೆ, ಮೂರು ವಾರ ಚಿಕಿತ್ಸೆಗೆ ನಿಲ್ಲುವ ಕುಟುಂಬ ಬಡಾವಣೆಯ ವಾಸಿಯ ಕಡೆಗೆ ಬೀಳುತ್ತದೆ, ವಾರಾಂತ್ಯದ ಪಾರ್ಟಿ ಹೋಟೆಲಿನ ಕಡೆಗೆ. ಇದು ತೀರ್ಪುಗಳು ಹೇಳಿದ ಮಾತಲ್ಲ, ಅವುಗಳ ಜಾಡು ಹಿಡಿದು ನಾನು ಹೇಳುತ್ತಿರುವುದು. ಹಾಸ್ಟೆಲುಗಳ ವಿಷಯದಲ್ಲಿ ತಮಿಳುನಾಡಿಗೆ 2014ರಿಂದಲೇ ಪ್ರತ್ಯೇಕ ಕಾಯ್ದೆಯಿದೆ. ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವವರು ನೋಂದಣಿ ಮಾಡಿಸಬೇಕು, ವಾರ್ಡನ್ ಇರಬೇಕು. ವಸತಿ ಬೀದಿಯ ಒಳಗಿನ ಮನೆಯನ್ನು ಬೀದಿಗೆ ತೊಂದರೆಯಾಗದಂತೆ ನಡೆಸುವ ಬಗೆ ಈ ರಾಜ್ಯಕ್ಕೆ ಗೊತ್ತಿಲ್ಲವೆಂದಲ್ಲ.

ಇಲ್ಲಿ ಬಡಾವಣೆಯವರ ತಪ್ಪನ್ನೂ ಹೇಳದೆ ಬಿಡುವಂತಿಲ್ಲ. ದಿನಬಾಡಿಗೆ ಮನೆಗಳಿಂದ ಬೀದಿ ಹಾಳಾಯಿತು ಎನ್ನುವ ನಿವಾಸಿಗಳ ಸಂಘಗಳಲ್ಲಿ ಕೆಲವಾದರೂ ಸಸ್ಯಾಹಾರಿಗಳಿಗೆ ಮಾತ್ರ ಮನೆ ಎಂಬ ಬೋರ್ಡನ್ನು ಸಹಜವೆಂದು ಒಪ್ಪಿಕೊಂಡವು. ಮುಸ್ಲಿಮರಿಗೆ, ದಲಿತರಿಗೆ, ಒಂಟಿ ಹೆಣ್ಣಿಗೆ ಮನೆ ಸಿಗುವುದು ಈ ಊರಿನಲ್ಲೂ ಕಷ್ಟ. 1998ರ ಫೆಬ್ರುವರಿ 14ರ ಬಾಂಬ್ ಸ್ಫೋಟಗಳ ನಂತರ ಕೊಯಮತ್ತೂರಿನ ಬೀದಿಗಳ ನಡುವೆ ಎದ್ದ ಗೋಡೆಗಳು ಇನ್ನೂ ಪೂರ್ತಿ ಬಿದ್ದಿಲ್ಲ. ಕೋಟೈಮೇಡು, ಉಕ್ಕಡಂ, ಕರುಂಬುಕ್ಕಡೈಗಳಾಚೆ ಮನೆ ಕೇಳಿದ ಮುಸ್ಲಿಂ ಕುಟುಂಬಗಳನ್ನು ಕೇಳಿದರೆ ಗೊತ್ತಾಗುತ್ತದೆ. ಇಂಥವರಿಗೆ ಆ್ಯಪ್‌ನ ಮನೆ ಒಂದು ಬಾಗಿಲು ತೆರೆಯಿತು. ಕೆಲಸಕ್ಕೆ ಸೇರಲು ಬಂದ ಹುಡುಗಿ ಜಾತಿ, ಅಡುಗೆ, ಮದುವೆ ಯಾವುದನ್ನೂ ಹೇಳದೆ ಹತ್ತು ದಿನ ನೆಮ್ಮದಿಯಾಗಿ ಇದ್ದು ಪಿ.ಜಿ. ಹುಡುಕಿಕೊಳ್ಳಬಹುದು. ಈ ಪದ್ಧತಿಯಲ್ಲಿ ನಾನು ಮನಸಾರೆ ಮೆಚ್ಚುವ ಅಂಶ ಇದು. ಹೀಗಾಗಿ "ಬಡಾವಣೆಯ ಸಂಸ್ಕೃತಿ ಕಾಪಾಡಿ" ಎಂಬ ಮನವಿಗೆ ನಾನು ಸಹಿ ಹಾಕಲಾರೆ. ಅಧಿಕಾರಿಗಳ ಕೈಗೆ ಅಂಥ ಮನವಿ ಸಿಕ್ಕರೆ ಮತ್ತೆ 2019ರ ಬೀಗವೇ ಬೀಳುತ್ತದೆ, ತಪ್ಪು ಬಾಗಿಲಿಗೆ.

ಹಾಗೆಂದು ಹೊರಗಿನವರ ಬಗೆಗಿನ ಭಯವೆಲ್ಲ ಪೂರ್ವಗ್ರಹವೆಂದೂ ತಳ್ಳಿಹಾಕಲಾಗದು. ಕೊಯಮತ್ತೂರು, ತಿರುಪ್ಪೂರುಗಳಿರುವ ಕೊಂಗು ಸೀಮೆಯ ರೈತ ಕುಟುಂಬಗಳು ಊರೊಳಗೆ ಒತ್ತಾಗಿ ಇರುವುದಕ್ಕಿಂತ ಅವರವರ ಜಮೀನಿನ ನಡುವೆ ತೋಟದ ಮನೆ ಕಟ್ಟಿಕೊಂಡು ಇರುವುದೇ ಹೆಚ್ಚು. ಮಕ್ಕಳು ಚೆನ್ನೈಗೋ ಅಮೆರಿಕಕ್ಕೋ ಹೋದರೆ ಮನೆಯಲ್ಲಿ ಉಳಿಯುವವರು ಇಬ್ಬರು ಮುದುಕರು. 2024ರ ನವೆಂಬರಿನಲ್ಲಿ ತಿರುಪ್ಪೂರು ಜಿಲ್ಲೆಯ ಪಲ್ಲಡಂ ಬಳಿ ಅಂಥ ಒಂದು ತೋಟದ ಮನೆಯಲ್ಲಿ ತಂದೆ, ತಾಯಿ, ಮಗ ಮೂವರನ್ನೂ ಕೊಂದುಹಾಕಿದ ಸುದ್ದಿ ಇಡೀ ಸೀಮೆಯನ್ನು ನಡುಗಿಸಿತು. ಆಮೇಲೆ ನಾಯಿ ಬೊಗಳಿದರೆ ಎದ್ದು ಕೂರುವ ಮನೆಗಳ ಪಕ್ಕದಲ್ಲಿ ವಾರಕ್ಕೊಂದು ಹೊಸ ಗುಂಪು ಬಂದಿಳಿಯುವ 'ಫಾರ್ಮ್ ಸ್ಟೇ' ಇದ್ದರೆ ಅವರಿಗೆ ನಿದ್ದೆ ಬರುವುದಾದರೂ ಹೇಗೆ? ಬಂದವರು ಯಾರೆಂದು ತಿಳಿದಿರುವ ಒಬ್ಬರು ಅಲ್ಲೇ ಇದ್ದಾರೆ ಎಂಬುದೊಂದೇ ಅವರಿಗೆ ಬೇಕಾದ ಭರವಸೆ.

ಕೊಯಮತ್ತೂರು ಜಿಲ್ಲೆಯದೇ ಆದ ಪೊಳ್ಳಾಚಿಯವರಿಗೆ ಮಾತ್ರ ಹೊರಗಿನವರು ಹೊಸಬರಲ್ಲ. ಹತ್ತಾರು ವರ್ಷಗಳಿಂದ ಅಲ್ಲಿ ಸಿನಿಮಾದವರು ಮನೆಗಳನ್ನು ದಿನದ ಲೆಕ್ಕಕ್ಕೆ ಹಿಡಿಯುತ್ತಾರೆ. 1992ರ 'ತೇವರ್ ಮಗನ್' ಚಿತ್ರದ ದೊಡ್ಡಮನೆ ಪೊಳ್ಳಾಚಿ ಬಳಿಯ ಸಿಂಗಾನಲ್ಲೂರಿನದು. ಶೂಟಿಂಗ್ ಬಂದರೆ ಜನರೇಟರ್ ಸದ್ದು, ರಾತ್ರಿಯಿಡೀ ದೀಪ. ಆದರೂ ಊರು ಒಪ್ಪಿಕೊಂಡಿತು. ಗಾಡಿ ಬಾಡಿಗೆ, ಅಡುಗೆ, ದಿನಗೂಲಿ ಎಂದು ದುಡ್ಡು ಊರಿನ ಹಲವು ಮನೆಗಳಿಗೆ ಹಂಚಿಕೆಯಾಗುತ್ತಿತ್ತು. ಏನಾದರೂ ತಕರಾರು ಬಂದರೆ ಮಾತಾಡಲು ಮ್ಯಾನೇಜರೊಬ್ಬ ಊರಲ್ಲೇ ಠಿಕಾಣಿ ಹೂಡಿರುತ್ತಿದ್ದ. ದಿನಬಾಡಿಗೆ ವಿಲ್ಲಾದ ದುಡ್ಡು ಆ್ಯಪ್‌ನಿಂದ ನೇರ ನಡೆಸುವವನ ಖಾತೆಗೆ ಹೋಗುತ್ತದೆ; ಊಟ ಸ್ವಿಗ್ಗಿಯಿಂದ ಬರುತ್ತದೆ; ಬೀದಿಗೆ ಉಳಿಯುವುದು ಸದ್ದು ಮಾತ್ರ.

ತಿರುಪ್ಪೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬನಿಯನ್ ನಗರಕ್ಕೆ ರಜೆಗೆಂದು ಬರುವವರು ಕಡಿಮೆ. ಯುರೋಪಿನ ಖರೀದಿದಾರರಿಗೆಂದು ರಫ್ತು ಕಂಪನಿಗಳು ಮನೆಗಳನ್ನು ಗೆಸ್ಟ್ ಹೌಸ್ ಮಾಡಿಕೊಳ್ಳುವುದು ಅಲ್ಲಿ ಹಳೆಯ ರೂಢಿ. ಅಡುಗೆಯವರು, ವಾಚ್‌ಮನ್ ಖಾಯಂ ಇರುತ್ತಾರೆ, ಹೊಣೆ ಕಂಪನಿಯದು. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕೆಂಬ ನಿಯಮ ಆ ಊರಿನವರಿಗೆ ಚೆನ್ನಾಗಿ ಗೊತ್ತು. ಅಲ್ಲಿನ ನಿಜವಾದ ಚಿಂತೆ ಬಾಡಿಗೆಯ ದರದ್ದು. ಬಿಹಾರ, ಒಡಿಶಾ, ಜಾರ್ಖಂಡದಿಂದ ಬಂದ ಕಾರ್ಮಿಕರು ಸಾಲುಮನೆಗಳ ಒಂದೊಂದು ಕೋಣೆಯಲ್ಲಿ ನಾಲ್ಕೈದು ಜನ ಇರುವ ಊರಿನಲ್ಲಿ, ಒಂದು ಮನೆ ತಿಂಗಳ ಬಾಡಿಗೆಯಿಂದ ದಿನದ ಬಾಡಿಗೆಗೆ ಜಾರಿದರೆ ಒಂದು ಸಂಸಾರಕ್ಕೆ ಜಾಗ ಕಡಿಮೆಯಾದಂತೆ.

ನಿಯಮವಾದರೂ ಹೇಗಿರಬೇಕು? ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ 'ಇನ್‌ಕ್ರೆಡಿಬಲ್ ಇಂಡಿಯಾ' ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಹೋಂಸ್ಟೇ ಯೋಜನೆಯಲ್ಲಿ ಮೊದಲ ಷರತ್ತೇ ಮಾಲೀಕ ಅಥವಾ ಅವನ ಕುಟುಂಬ ಆ ಮನೆಯಲ್ಲಿ ವಾಸವಿರಬೇಕು ಎಂಬುದು. ಬಾಡಿಗೆಗೆ ಬಿಡುವ ಕೋಣೆ ಹೆಚ್ಚೆಂದರೆ 6, ಹಾಸಿಗೆ 12. ಈ ವಿವೇಕ ಕಾಗದದ ಮೇಲೆ ಇದೆ. ಆದರೆ ಅದು ಬಯಸಿದವರು ಪಡೆಯುವ ಮಾನ್ಯತೆ. ಪಡೆಯದವನು ಪಟ್ಟಿಯ ಹೊರಗೇ ಇದ್ದು ನಿಶ್ಚಿಂತೆಯಿಂದ ನಡೆಸಬಹುದು. 2025ರ ಕೇಂದ್ರ ಬಜೆಟ್ ಹೋಂಸ್ಟೇಗಳಿಗೆ ಮುದ್ರಾ ಸಾಲ ಘೋಷಿಸಿತು. ಒಳ್ಳೆಯದು. ಆ ಸಾಲ ಮನೆಯವರು ವಾಸವಿರುವ ಹೋಂಸ್ಟೇಗೆ ಹೋಗಲಿ. ಹತ್ತು ಮನೆ ಹಿಡಿದು ನಡೆಸುವವನು ಲಾಡ್ಜಿನವರಂತೆ ವ್ಯಾಪಾರಿ ಎಂದು ನೋಂದಾಯಿಸಿಕೊಳ್ಳಲಿ, ವಾಣಿಜ್ಯ ದರ ಕಟ್ಟಲಿ.

ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರಿನಿಂದ ಇದನ್ನೇ ಕಡ್ಡಾಯ ಮಾಡಿತು: 30 ದಿನಕ್ಕಿಂತ ಕಡಿಮೆ ಅವಧಿಗೆ ಬಿಡುವುದಾದರೆ ಮನೆಯವರು ಅಲ್ಲೇ ಇರಬೇಕು, ಅತಿಥಿಗಳು ಇಬ್ಬರಿಗಿಂತ ಹೆಚ್ಚಿರಬಾರದು, ನೋಂದಣಿ ಇಲ್ಲದ ಮನೆಯ ಹಣವನ್ನು ಆ್ಯಪ್ ಕಂಪನಿ ತೆಗೆದುಕೊಳ್ಳುವಂತಿಲ್ಲ. ಬಾರ್ಸಿಲೋನಾ ಇನ್ನೂ ಮುಂದೆ ಹೋಗಿ, 2028ರ ಹೊತ್ತಿಗೆ ಪ್ರವಾಸಿ ಫ್ಲ್ಯಾಟುಗಳ 10,101 ಪರವಾನಗಿಗಳಲ್ಲಿ ಒಂದನ್ನೂ ನವೀಕರಿಸುವುದಿಲ್ಲ ಎಂದು 2024ರಲ್ಲಿ ಘೋಷಿಸಿತು. ಬಾರ್ಸಿಲೋನಾದ ದಾರಿ ಕೊಯಮತ್ತೂರಿಗೆ ಬೇಡ. ಆಸ್ಪತ್ರೆಯ ಬೀದಿಗಳಿಗೆ ಅದು ಅನ್ಯಾಯವಾಗುತ್ತದೆ. ನ್ಯೂಯಾರ್ಕಿನ ಇಬ್ಬರ ಮಿತಿಯೂ ಬೇಡ, ನಮ್ಮಲ್ಲಿ ರೋಗಿಯ ಜೊತೆ ಮೂರು ಜನ ಬರುವುದು ವಾಡಿಕೆ. ಮನೆಯವರು ಅಲ್ಲೇ ಇರಬೇಕೆಂಬ ಷರತ್ತು, ನೋಂದಣಿ ಇಲ್ಲದೆ ಆ್ಯಪ್‌ನಲ್ಲಿ ಹಾಕುವಂತಿಲ್ಲ ಎಂಬ ಷರತ್ತು, ಇವೆರಡು ಸಾಕು. ಆ್ಯಪ್ ಕಂಪನಿಯನ್ನು ಹೊಣೆಗಾರನನ್ನಾಗಿ ಮಾಡುವುದು ಅಸಾಧ್ಯವೇನಲ್ಲ. ಸಣ್ಣ ಮಾಲೀಕರ ಪರವಾಗಿ ಜಿಎಸ್‌ಟಿ ಕಟ್ಟುವ ಹೊಣೆಯನ್ನು ಕಾನೂನು ಈಗಾಗಲೇ ಆ್ಯಪ್ ಕಂಪನಿಗಳ ಮೇಲೆ ಹಾಕಿದೆ. ತೆರಿಗೆಗೆ ಸಾಧ್ಯವಾದದ್ದು ಬೀದಿಯ ನೆಮ್ಮದಿಗೂ ಸಾಧ್ಯ.

ಹೊಣೆಗಾರರಿಲ್ಲದ ಮನೆ ಎಷ್ಟು ಅಪಾಯಕಾರಿ ಎಂಬುದು ನಗರದ ಬೀದಿಗಿಂತ ಹೆಚ್ಚು ಸ್ಪಷ್ಟವಾಗಿ ಕಾಣುವುದು ವಾಲ್ಪಾರೈಯಲ್ಲಿ. ಪೊಳ್ಳಾಚಿ ಕಡೆಯ ಆಳಿಯಾರಿನಿಂದ 40 ತಿರುವು ಹತ್ತಿದರೆ ಸಿಗುವ ಈ ಪ್ರಸ್ಥಭೂಮಿ ಸುಮಾರು 220 ಚದರ ಕಿಲೋಮೀಟರ್. ಚಹಾ ತೋಟಗಳು, ನಡುನಡುವೆ ಮಳೆಕಾಡಿನ ತುಂಡುಗಳು, ಸುತ್ತ ಆನೈಮಲೈ ಹುಲಿ ರಕ್ಷಿತಾರಣ್ಯ. ತೋಟದ ಕಾರ್ಮಿಕರ ಸಾಲುಮನೆಗಳ ಪಕ್ಕದಲ್ಲೇ ಆನೆಗಳ ದಾರಿ. ಪಡಿತರ ಅಂಗಡಿಯ, ಅಡುಗೆಮನೆಯ ಗೋಡೆ ಒಡೆದು ಅಕ್ಕಿ ತಿನ್ನುವ ಆನೆಗಳಿವೆ. ಕತ್ತಲಲ್ಲಿ ದಾರಿಯಲ್ಲಿ ಎದುರಾಗಿ ಜನ ಸತ್ತಿದ್ದಾರೆ. ಇದನ್ನು ತಡೆಯಲು ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಎಂ. ಆನಂದಕುಮಾರ್ ಮತ್ತು ಸಂಗಡಿಗರು ಅರಣ್ಯ ಇಲಾಖೆಯ, ತೋಟಗಳ ಜೊತೆ ಸೇರಿ ವರ್ಷಗಟ್ಟಲೆ ದುಡಿದು ಒಂದು ವ್ಯವಸ್ಥೆ ಕಟ್ಟಿದರು. ಆನೆ ಕಂಡ ಜಾಗದ ವಿವರ ಸ್ಥಳೀಯ ಕೇಬಲ್ ಟಿ.ವಿ.ಯ ಅಡಿಯಲ್ಲಿ ಓಡುತ್ತದೆ, ಆಸುಪಾಸಿನವರ ಮೊಬೈಲಿಗೆ ಸಂದೇಶ ಹೋಗುತ್ತದೆ, ಎತ್ತರದ ಕಂಬಗಳ ಮೇಲೆ ಕೆಂಪು ದೀಪ ಉರಿಯುತ್ತದೆ. ಆ ದೀಪವನ್ನು ಮೊಬೈಲಿನಿಂದ ಹಚ್ಚಬಹುದು. ಸಾವು ಕಡಿಮೆಯಾಯಿತು. ಆನಂದಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು.

ಈ ವ್ಯವಸ್ಥೆ ನಿಂತಿರುವುದು ಅಲ್ಲಿನ ನಿವಾಸಿಗಳ ತಿಳಿವಳಿಕೆಯ ಮೇಲೆ. ಕೆಂಪು ದೀಪ ಕಂಡರೆ ಬಸ್ಸಿನಿಂದ ಇಳಿದವರು ಅಲ್ಲೇ ನಿಲ್ಲುತ್ತಾರೆ, ತೋಟದ ಮೇಸ್ತ್ರಿ ಕೆಲಸದವರನ್ನು ಬೇರೆ ಕಡೆ ಕಳಿಸುತ್ತಾರೆ. ನಿನ್ನೆ ರಾತ್ರಿ ಬಂದು ಇಡೀ ಮನೆ ಹಿಡಿದವರಿಗೆ ಆ ದೀಪದ ಅರ್ಥ ಗೊತ್ತಿಲ್ಲ. ಕೇಬಲ್ ಟಿ.ವಿ. ಅವರು ನೋಡುವುದಿಲ್ಲ, ನೋಡಿದರೂ ಬೆಂಗಳೂರಿನವರಿಗೆ ತಮಿಳು ಓದಲು ಬಾರದು. ಸಂದೇಶದ ಪಟ್ಟಿಯಲ್ಲಿ ಅವರ ನಂಬರಿಲ್ಲ. ಅಂಗಳದಲ್ಲಿ ಕ್ಯಾಂಪ್‌ಫೈರ್ ಹಚ್ಚಿ ಕೂರುತ್ತಾರೆ, ಉಳಿದ ಬಿರಿಯಾನಿಯನ್ನು ಬೇಲಿಯಾಚೆ ಎಸೆಯುತ್ತಾರೆ. ಪುದುತೋಟಂ ಭಾಗದ ಸಿಂಗಳೀಕಗಳು ಮನುಷ್ಯರ ಕಸಕ್ಕೆ, ಅಡುಗೆಮನೆಗೆ ಬಾಯಿ ಹಚ್ಚಿ, ರಸ್ತೆಗಿಳಿದು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಪ್ಪಿಸಲೆಂದು ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿರುವ ಊರು ಇದು. ಮನೆಯವರು ಅಲ್ಲೇ ವಾಸವಿರುವ ಹೋಂಸ್ಟೇಯಲ್ಲಿ ಸಂಜೆ ಆರಕ್ಕೆ ಅಮ್ಮ ಬಂದು ಬಾಗಿಲು ಹಾಕಿಸುತ್ತಾರೆ. "ದೀಪ ಹತ್ತಿದೆ, ಹೊರಗೆ ಹೋಗಬೇಡಿ" ಎನ್ನುತ್ತಾರೆ. ನಂಬರ್ ಬೀಗದ ಮನೆಯಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಅತಿಥಿಗಳ ತಪ್ಪಿಗೆ ಕೆರಳಿದ ಆನೆ ಮರುದಿನ ಬೆಳಿಗ್ಗೆ ಎದುರಾಗುವುದು ಚಹಾ ಚಿಗುರು ಕೀಳಲು ಹೊರಟ ಹೆಂಗಸಿಗೆ.

ನೀಲಗಿರಿ, ಕೊಡೈಕೆನಾಲುಗಳಿಗೆ 2024ರ ಮೇ ತಿಂಗಳಿಂದ ಇದ್ದ ಇ-ಪಾಸ್ ವ್ಯವಸ್ಥೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2025ರ ನವೆಂಬರ್ 1ರಿಂದ ವಾಲ್ಪಾರೈಗೂ ಬಂದಿದೆ. ಸದ್ಯಕ್ಕೆ ಅದು ವಾಹನಗಳನ್ನು ಎಣಿಸುವ ಸಾಧನ. ಅದನ್ನು ಇನ್ನಷ್ಟು ಕೆಲಸಕ್ಕೆ ಹಚ್ಚಬಹುದು. ಪಾಸ್ ಕೊಡುವಾಗಲೇ ತಂಗುವ ಮನೆಯ ನೋಂದಣಿ ಸಂಖ್ಯೆ ಕೇಳಲಿ. ನೋಂದಣಿಯಿಲ್ಲದ ಮನೆಯ ಹೆಸರು ಬರೆದವರಿಗೆ ಪಾಸ್ ಸಿಗದಿರಲಿ. ಆ ಮನೆಯಲ್ಲಿ ರಾತ್ರಿ ಇರುವ ಹೊಣೆಗಾರರ ಫೋನ್ ನಂಬರ್ ಪುರಸಭೆಯಲ್ಲೂ, ಪಕ್ಕದ ನಾಲ್ಕು ಮನೆಗಳಲ್ಲೂ ಇರಲಿ. ಪಾಸ್ ಪಡೆದವರ ಮೊಬೈಲ್ ಸಂಖ್ಯೆ ಹೇಗೂ ಸರ್ಕಾರದ ಬಳಿ ಇರುತ್ತದೆ. ಅವರು ಬೆಟ್ಟದ ಮೇಲಿರುವಷ್ಟು ದಿನ ಆ ಸಂಖ್ಯೆಯನ್ನು ಆನೆ ಎಚ್ಚರಿಕೆಯ ಪಟ್ಟಿಗೆ ಸೇರಿಸಿ, ಸಂದೇಶವನ್ನು ತಮಿಳಿನ ಜೊತೆ ಕನ್ನಡ, ಮಲಯಾಳಂ, ಇಂಗ್ಲಿಷಿನಲ್ಲೂ ಕಳಿಸಲು ಹೊಸ ಕಾನೂನೇನೂ ಬೇಕಾಗಿಲ್ಲ. ಜಿಲ್ಲಾಧಿಕಾರಿಗಳು, ಅರಣ್ಯ ಇಲಾಖೆ ಮತ್ತು ಆ ದೀಪಗಳನ್ನು ಕಟ್ಟಿದವರು ಒಂದು ಮಧ್ಯಾಹ್ನ ಒಟ್ಟಿಗೆ ಕೂತರೆ ಮುಂದಿನ ಬೇಸಿಗೆ ರಜೆಯೊಳಗೆ ಆಗುವ ಕೆಲಸ.